ಮೈಸೂರೋ ಮಂಡ್ಯವೋ: ಮನೆ ಮಾಡುವ ಮುನ್ನ ನಾವು ಹಾಕಿದ ಲೆಕ್ಕ

ಕೆಲಸ ಎಲ್ಲಿದೆಯೋ ಅಲ್ಲಿ ಮನೆ ಮಾಡಬೇಕು ಎಂಬುದು ನಮ್ಮ ಹಿರಿಯರ ಕಾಲದ ನಿಯಮವಾಗಿತ್ತು. ಮನೆಗೆ ಒಬ್ಬರು ಮಾತ್ರ ಸಂಬಳ ತರುತ್ತಿದ್ದಾಗ ಆ ನಿಯಮ ಸಾಕಾಗುತ್ತಿತ್ತು. ಗಂಡ ಹೆಂಡತಿ ಇಬ್ಬರೂ ದುಡಿಯುವ, ಇಬ್ಬರ ಕೆಲಸವೂ ಬೇರೆ ಬೇರೆ ಊರಿನಲ್ಲಿರುವ ಮನೆಗೆ ಅದು ದಾರಿ ತೋರಿಸುವುದಿಲ್ಲ. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಯಜಮಾನರು ಬಿಡದಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ದುರಸ್ತಿ ವಿಭಾಗದಲ್ಲಿದ್ದಾರೆ. ಎರಡರ ನಡುವೆ ನೂರು ಕಿಲೋಮೀಟರಿಗೂ ಮಿಕ್ಕಿದ ಅಂತರವಿದೆ. ಮದುವೆಯಾದಾಗಿನಿಂದ ನಾವು ಎರಡರ ನಡುವಿನ ಮಂಡ್ಯದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಈಗ ಮಗಳು ಶಾಲೆಗೆ ಸೇರುವ ವಯಸ್ಸಿಗೆ ಬಂದಿರುವುದರಿಂದ, ಇಲ್ಲಿಯೇ ನೆಲೆ ನಿಲ್ಲಬೇಕೋ ಮೈಸೂರಿಗೆ ಹೋಗಬೇಕೋ ಎಂಬುದನ್ನು ತೀರ್ಮಾನಿಸಲೇಬೇಕಾಗಿದೆ. ನೆಂಟರಲ್ಲಿ ಹೆಚ್ಚಿನವರ ಉತ್ತರ ಒಂದೇ: ಮೈಸೂರು ಮೈಸೂರೇ, ಅದರಲ್ಲಿ ಯೋಚಿಸುವುದೇನಿದೆ ಎನ್ನುತ್ತಾರೆ. ನಾವಿಬ್ಬರೂ ಕುಳಿತು ಬಹಳವೇ ಯೋಚಿಸಿದೆವು. ಬೆಂಗಳೂರು–ಮೈಸೂರು ದಾರಿಯುದ್ದಕ್ಕೂ ಇದೇ ಪ್ರಶ್ನೆಯನ್ನು ಎದುರಿಸುತ್ತಿರುವ ದಂಪತಿಗಳು ತುಂಬ ಮಂದಿ ಇದ್ದಾರೆಂದು ಬಲ್ಲೆನಾದ್ದರಿಂದ ಆ ಯೋಚನೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲಿಗೆ ರಸ್ತೆಯ ವಿಷಯ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಈ ಭಾಗದ ಜನರ ದೂರದ ಕಲ್ಪನೆಯನ್ನೇ ಬದಲಾಯಿಸಿತು. ಸುಮಾರು 118 ಕಿ.ಮೀ. ಉದ್ದದ ಈ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್‌ಗಳ ಮೂಲಕ ಬದಿಗಿಟ್ಟು ಸಾಗುತ್ತದೆ. ಹಿಂದೆ ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತು ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಆ ಮಾತು ಸುಳ್ಳಲ್ಲ. ಆದರೆ ಅದು ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಡಿಯುವ ಸಮಯವೇ ಹೊರತು ಒಬ್ಬರ ಮನೆಯ ಬಾಗಿಲಿನಿಂದ ಅವರ ಕಚೇರಿಯ ಕುರ್ಚಿಯವರೆಗಿನ ಸಮಯವಲ್ಲ. ಮೈಸೂರಿನ ಕಡೆಯ ತುದಿಯಲ್ಲಿ, ರಿಂಗ್ ರಸ್ತೆ ಕೂಡುವ ಮಣಿಪಾಲ್ ಆಸ್ಪತ್ರೆ ಜಂಕ್ಷನ್‌ನಲ್ಲಿ ರಜೆಯ ದಿನಗಳ ಸಂಜೆ ನಿಂತವರಿಗೆ, ಬೆಂಗಳೂರಿನ ಕಡೆಯ ತುದಿಯಲ್ಲಿ ಕೆಂಗೇರಿಯಿಂದ ಒಳಗೆ ಹೋಗಬೇಕಾದವರಿಗೆ, ಉಳಿಸಿದ ಸಮಯದಲ್ಲಿ ಎಷ್ಟು ಪಾಲು ಅಲ್ಲಿಯೇ ಕರಗುತ್ತದೆ ಎಂಬುದು ಗೊತ್ತಿದೆ.

ಇನ್ನೊಂದು ಸಂಗತಿಯನ್ನು ಸೈಟು ಮಾರುವವರು ಹೇಳುವುದಿಲ್ಲ. 2023ರ ಆಗಸ್ಟ್ 1ರಿಂದ ಈ ರಸ್ತೆಯ ಮುಖ್ಯ ಪಥಗಳಲ್ಲಿ ಬೈಕು, ಸ್ಕೂಟರು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ನಮ್ಮ ಕಡೆ ದಿನಗೂಲಿಯವರು, ಗಾರ್ಮೆಂಟ್ಸ್ ನೌಕರರು, ಸಣ್ಣ ಕಾರ್ಖಾನೆಗಳ ಹುಡುಗರು ಓಡಾಡುವುದು ಬೈಕಿನಲ್ಲಿ. ಅವರಿಗೆಲ್ಲ ಸರ್ವಿಸ್ ರಸ್ತೆಯೇ ಗತಿ. ಬೈಪಾಸ್ ಆದ ಮೇಲೆ ತಡೆರಹಿತ ಬಸ್ಸುಗಳು ಮಂಡ್ಯ ಪಟ್ಟಣದೊಳಕ್ಕೆ ಬರುವುದಿಲ್ಲ. ಹೀಗೆ, ಕಾರಿರುವವರಿಗೆ ಮಂಡ್ಯ ಎರಡೂ ನಗರಗಳಿಗೆ ಹತ್ತಿರವಾಯಿತು. ಕಾರಿಲ್ಲದವರಿಗೆ ಮೊದಲಿದ್ದಷ್ಟೇ ದೂರದಲ್ಲಿ ಉಳಿಯಿತು. ಒಂದೇ ಊರು ಇಬ್ಬರಿಗೆ ಎರಡು ಬಗೆಯ ದೂರದಲ್ಲಿರಲು ಸಾಧ್ಯ ಎಂಬುದನ್ನು ಮನೆ ಹುಡುಕುವವರು ಮೊದಲೇ ಗಮನಕ್ಕೆ ತಂದುಕೊಳ್ಳಬೇಕು.

ವೇಗದ ರಸ್ತೆ ಬಂದರೆ ಜನ ಪ್ರಯಾಣದಲ್ಲಿ ಕಳೆಯುವ ಸಮಯ ಕಡಿಮೆಯಾಗುತ್ತದೆ ಎಂದು ನಾವೆಲ್ಲ ಸಹಜವಾಗಿ ಭಾವಿಸುತ್ತೇವೆ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ, ಅದಕ್ಕೂ ಹಿಂದೆ ಯಾಕೊವ್ ಝಹಾವಿ ಮಾಡಿದ್ದ ಸಾರಿಗೆ ಅಧ್ಯಯನಗಳ ಆಧಾರದ ಮೇಲೆ, ಬೇರೆಯೇ ಮಾತನ್ನು ಮುಂದಿಟ್ಟರು: ಮನುಷ್ಯರು ಸರಾಸರಿಯಲ್ಲಿ ದಿನಕ್ಕೆ ಒಂದು ಗಂಟೆಯಷ್ಟನ್ನು ಓಡಾಟಕ್ಕೆ ಮೀಸಲಿಡುತ್ತಾರೆ, ವಾಹನ ವೇಗವಾದರೆ ಸಮಯ ಉಳಿಸುವ ಬದಲು ಇನ್ನಷ್ಟು ದೂರಕ್ಕೆ ಹರಡಿಕೊಳ್ಳುತ್ತಾರೆ. ಎಕ್ಸ್‌ಪ್ರೆಸ್‌ವೇ ಇಕ್ಕೆಲಗಳಲ್ಲಿ ಎದ್ದಿರುವ ಲೇಔಟುಗಳ ಕಮಾನುಗಳನ್ನು ನೋಡಿದರೆ ಈ ಮಾತನ್ನು ಒಪ್ಪದಿರಲು ಕಾರಣ ಕಾಣುವುದಿಲ್ಲ. ಗಂಟೆಗಳು ಉಳಿದವು, ಉಳಿದ ಗಂಟೆಗಳನ್ನು ನೆಲದ ಬೆಲೆ ನುಂಗಿತು. ಕೇಂದ್ರದಿಂದ ದೂರ ಹೋದಂತೆ ನೆಲದ ಬೆಲೆ ಇಳಿಯುವುದೇಕೆ ಎಂಬುದನ್ನು ಅಮೆರಿಕದ ನಗರ ಯೋಜನಾ ತಜ್ಞ ವಿಲಿಯಂ ಅಲಾನ್ಸೊ 1964ರಲ್ಲಿ ವಿವರಿಸಿದ್ದರು: ದಿನವೂ ಓಡಾಡುವ ಖರ್ಚು ಮತ್ತು ಸಮಯವನ್ನು ಜನ ಮನೆಯ ಬೆಲೆಯಿಂದ ಕಳೆದುಕೊಂಡೇ ದುಡ್ಡು ಕೊಡಲು ಒಪ್ಪುತ್ತಾರೆ. ಆದ್ದರಿಂದ ರಸ್ತೆ ಚೆನ್ನಾದರೆ ಆ ಕಡಿತ ಸಣ್ಣದಾಗುತ್ತದೆ, ಬೆಲೆ ಏರುತ್ತದೆ, ರಸ್ತೆಯ ಲಾಭ ಮೊದಲೇ ನೆಲ ಹಿಡಿದವರ ಪಾಲಾಗುತ್ತದೆ. ಕೃಷ್ಣರಾಜಸಾಗರದ ನಾಲೆಯ ನೀರುಂಡ ಗದ್ದೆಗಳೂ ಹೀಗೆಯೇ ಸೈಟುಗಳಾಗುತ್ತಿರುವುದನ್ನು ಕಂಡಾಗ ರೈತನ ಮನೆಯಲ್ಲಿ ಹುಟ್ಟಿದ ನನಗೆ ಸಂಕಟವಾಗುತ್ತದೆ. ಹಾಗೆಂದು ಮಾರಿದ ರೈತರನ್ನು ದೂರುವ ಮನಸ್ಸು ನನಗಿಲ್ಲ. ಕಬ್ಬು ಬೆಳೆದು ಹಣಕ್ಕಾಗಿ ಕಾಯುವವರ ಕಷ್ಟವನ್ನು ಮನೆಯಲ್ಲೇ ಕಂಡಿದ್ದೇನೆ.

ಬಾಡಿಗೆ ಕಡಿಮೆ ಎಂಬ ಕಾರಣಕ್ಕೆ ದೂರ ಹೋದವರಿಗೆ ಆ ದೂರದ ಪರಿಹಾರ ನಿಜಕ್ಕೂ ಸಿಗುತ್ತದೆಯೇ ಎಂಬುದನ್ನು ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಮನೆಗಳ ಸಮೀಕ್ಷೆಯಿಂದ ಪರಿಶೀಲಿಸಿದ್ದಾರೆ. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹೆಚ್ಚು ಹೊತ್ತು ಪ್ರಯಾಣಿಸುವವರು ಬದುಕಿನ ಬಗ್ಗೆ ವ್ಯಕ್ತಪಡಿಸುವ ತೃಪ್ತಿ ಕಡಿಮೆ. ಅಂದರೆ ಅಗ್ಗದ ಮನೆಯಾಗಲಿ ಹೆಚ್ಚಿನ ಸಂಬಳವಾಗಲಿ ಕಳೆದುಕೊಂಡ ಸಮಯವನ್ನು ಪೂರ್ತಿಯಾಗಿ ತುಂಬಿಕೊಟ್ಟಿರಲಿಲ್ಲ. ಜರ್ಮನಿಯ ಮಾತು ಮಂಡ್ಯಕ್ಕೆ ಹಾಗೆಯೇ ಅನ್ವಯಿಸುತ್ತದೆಂದು ನಾನು ಹೇಳುವುದಿಲ್ಲ. ಆದರೂ ನಮ್ಮ ಲೆಕ್ಕಕ್ಕೆ ಅದು ಒಂದು ದಿಕ್ಕು ತೋರಿಸಿತು. ಬಾಡಿಗೆಯಲ್ಲಿ ಉಳಿಯುವ ಹಣವನ್ನು ಬರೆದುಕೊಳ್ಳುವ ಪುಟದಲ್ಲೇ ಕಳೆಯುವ ಗಂಟೆಗಳನ್ನೂ ಬರೆಯಬೇಕು. ಹೋಗುವಾಗ ನಲವತ್ತು ನಿಮಿಷ, ಬರುವಾಗ ನಲವತ್ತು ನಿಮಿಷ ಹೆಚ್ಚಾಯಿತೆಂದುಕೊಳ್ಳಿ. ತಿಂಗಳಿಗೆ 25 ದಿನ ಕೆಲಸವಿದ್ದರೆ ಅದು 33 ಗಂಟೆ ದಾಟುತ್ತದೆ, ಅಂದರೆ ಎಂಟು ಗಂಟೆಯ ನಾಲ್ಕು ದಿನಗಳ ದುಡಿಮೆ. ಆ ನಾಲ್ಕು ದಿನಗಳ ಸಂಬಳಕ್ಕಿಂತ ಬಾಡಿಗೆಯ ಉಳಿತಾಯ ಕಡಿಮೆಯಿದ್ದರೆ, ಅಗ್ಗದ ಮನೆ ಅಗ್ಗವಲ್ಲ. ಮನೆಯಿಂದಲೇ ಕೆಲಸ ಮಾಡುತ್ತ ವಾರಕ್ಕೆ ಒಂದೆರಡು ದಿನ ಮಾತ್ರ ಕಚೇರಿಗೆ ಹೋಗುವವರಿಗೆ ಈ ಲೆಕ್ಕ ಪೂರ್ತಿ ಬದಲಾಗುತ್ತದೆ. ಅವರು ದಿನದ ಗಂಟೆಯನ್ನಲ್ಲ, ವಾರದ ಗಂಟೆಯನ್ನು ನೋಡಬೇಕು.

ಇದಕ್ಕಿಂತಲೂ ಮುಖ್ಯವೆಂದು ನನಗೆ ತೋರುವುದು ಓಡಾಟದ ಸರಾಸರಿಯಲ್ಲ, ಅದರ ಏರುಪೇರು. ದಿನವೂ ಒಂದು ಗಂಟೆಯೆಂದರೆ ಬದುಕನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಒಂದು ದಿನ ಮುಕ್ಕಾಲು ಗಂಟೆ, ಮತ್ತೊಂದು ದಿನ ಎರಡು ಗಂಟೆ ಎಂದಾದರೆ ಮಗುವನ್ನು ಶಾಲೆಯಿಂದ ಕರೆತರುವವರಾರು ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ ಹಳೆಯ ರಸ್ತೆಯಲ್ಲಿ ಸಾಲುಗಟ್ಟುವ ಟ್ರ್ಯಾಕ್ಟರುಗಳು, ದಸರೆಯ ಹತ್ತು ದಿನಗಳಲ್ಲಿ ಮೈಸೂರಿನೊಳಗೆ ಬದಲಾಗುವ ಸಂಚಾರ ವ್ಯವಸ್ಥೆ, ಕಾವೇರಿ ನೀರಿಗಾಗಿ ಮಂಡ್ಯದ ಸಂಜಯ ವೃತ್ತದಲ್ಲಿ ಜನ ಕುಳಿತಾಗ ನಿಲ್ಲುವ ವಾಹನಗಳು, ಇವೆಲ್ಲ ನಮ್ಮ ಕಡೆಯ ಓಡಾಟದ ಭಾಗವೇ ಆಗಿವೆ. ಕಾವೇರಿ ಹೋರಾಟದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. 2016ರ ಮತ್ತು 2023ರ ಸೆಪ್ಟೆಂಬರ್ ತಿಂಗಳುಗಳನ್ನು ಇಲ್ಲಿ ಕಳೆದವರಿಗೆ ಅದರ ಹಿಂದಿನ ನೋವು ಗೊತ್ತಿದೆ. ರಸ್ತೆಯೊಂದನ್ನೇ ನಂಬಿ ಮನೆ ಮಾಡಬಾರದು ಎಂಬ ಪಾಠವನ್ನು ಮಾತ್ರ ನಾವು ಆ ದಿನಗಳಿಂದ ಕಲಿತೆವು.

ರಸ್ತೆಗೆ ಪರ್ಯಾಯವೆಂದರೆ ರೈಲು. ಬೆಂಗಳೂರು–ಮೈಸೂರು ಮಾರ್ಗ ಸುಮಾರು 138 ಕಿ.ಮೀ. ಇದ್ದು, ಜೋಡಿಹಳಿಯೂ ವಿದ್ಯುದೀಕರಣವೂ ಮುಗಿದ ಮೇಲೆ ಎದುರು ರೈಲಿಗಾಗಿ ಸ್ಟೇಷನ್ನಿನಲ್ಲಿ ಕಾಯುವ ಹಳೆಯ ಕಷ್ಟ ತಪ್ಪಿದೆ. ಬೆಳಿಗ್ಗೆ ಮೈಸೂರು ಬಿಟ್ಟು ಕಚೇರಿಯ ವೇಳೆಗೆ ಬೆಂಗಳೂರು ಸೇರುವ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ವರ್ಷಗಳಿಂದ ‘ಅಪ್ ಡೌನ್’ ಮಾಡುತ್ತಿರುವವರು ಮಂಡ್ಯ, ಮದ್ದೂರು, ಚನ್ನಪಟ್ಟಣಗಳಲ್ಲಿ ಸಾಕಷ್ಟಿದ್ದಾರೆ. ರೈಲ್ವೆಯ ಮಾಸಿಕ ಪಾಸ್ 150 ಕಿ.ಮೀ. ದೂರದವರೆಗೆ ಸಿಗುವುದರಿಂದ ಮೈಸೂರಿನಿಂದ ಬೆಂಗಳೂರಿನವರೆಗಿನ ಪೂರ್ತಿ ಮಾರ್ಗ ಅದರೊಳಗೆ ಬರುತ್ತದೆ. ಶತಾಬ್ದಿ, ವಂದೇ ಭಾರತ್ ರೈಲುಗಳಿಗೆ ಆ ಪಾಸ್ ನಡೆಯುವುದಿಲ್ಲ; ಆದ್ದರಿಂದ ಹೊಸ ರೈಲು ಬಂತೆಂಬ ಸುದ್ದಿಗಿಂತ ಪಾಸಿನವರು ಹತ್ತಬಹುದಾದ ರೈಲಿನ ವೇಳೆ ಹತ್ತು ನಿಮಿಷ ಹಿಂದೆ ಮುಂದೆ ಆಯಿತೆಂಬ ಸುದ್ದಿಯೇ ನಮ್ಮಂಥವರಿಗೆ ದೊಡ್ಡದು. ಬೆಂಗಳೂರಿನ ನೇರಳೆ ಮಾರ್ಗದ ಮೆಟ್ರೊ 2021ರಲ್ಲಿ ಕೆಂಗೇರಿಗೆ, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಬಂದ ಮೇಲೆ, ರೈಲಿನಲ್ಲಿ ಬಂದವರು ಕೆಂಗೇರಿಯಲ್ಲಿ ಇಳಿದು ಮೆಟ್ರೊ ಹಿಡಿಯುವ ದಾರಿಯೂ ತೆರೆದಿದೆ. ಮಂಡ್ಯದಲ್ಲಿ ಮನೆ ಹುಡುಕುವವರಿಗೆ ಹೀಗಾಗಿ ನನ್ನ ಮೊದಲ ಸಲಹೆ, ಬೈಪಾಸಿನ ಹತ್ತಿರದ ಹೊಸ ಲೇಔಟಿಗಿಂತ ಸ್ಟೇಷನ್ನಿಗೆ ನಡೆದು ಹೋಗಬಹುದಾದ ಹಳೆಯ ಬಡಾವಣೆಯನ್ನು ನೋಡಿ ಎಂಬುದು. ಹಳೆಯ ಮನೆಗೆ ಕಾರು ನಿಲ್ಲಿಸುವ ಜಾಗ ಇಲ್ಲದಿರಬಹುದು. ಸ್ಟೇಷನ್ನಿಗೆ ಕಾರೇ ಬೇಕಾಗಿಲ್ಲ.

ಇಷ್ಟೆಲ್ಲ ಮಂಡ್ಯದ ಪರವಾದ ಮಾತಾಯಿತು. ಉದ್ಯೋಗದ ವಿಷಯಕ್ಕೆ ಬಂದರೆ ತಕ್ಕಡಿ ಮೈಸೂರಿನ ಕಡೆಗೆ ವಾಲುತ್ತದೆ. ಮನೆ ಮಾಡುವಾಗ ಈಗಿರುವ ಕೆಲಸವನ್ನಷ್ಟೇ ನೋಡಿದರೆ ಸಾಲದು. ಈ ಕೆಲಸ ಹೋದರೆ ಅದೇ ಮನೆಯಿಂದ ಹೋಗಿಬರಬಹುದಾದ ಮತ್ತೊಂದು ಕೆಲಸ ಸಿಗುತ್ತದೆಯೇ ಎಂಬುದನ್ನೂ ನೋಡಬೇಕು. ಮಂಡ್ಯ ಬೆಳೆದದ್ದೇ ನಾಲೆ ಮತ್ತು ಕಬ್ಬಿನಿಂದ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1933ರಲ್ಲಿ ಆರಂಭವಾದ ಮೈಷುಗರ್ ಸಕ್ಕರೆ ಕಾರ್ಖಾನೆ ಈ ಊರಿಗೆ ಕೆಲಸವನ್ನೂ ಗುರುತನ್ನೂ ಕೊಟ್ಟಿತು. ಅದೇ ಕಾರ್ಖಾನೆ ಹಲವು ಹಂಗಾಮು ನಿಂತಾಗ ಅದರ ಸುತ್ತಲಿನ ಅಂಗಡಿ, ಹೋಟೆಲು, ಲಾರಿ ಮಾಲೀಕರವರೆಗೆ ಎಲ್ಲರೂ ಸೊರಗಿದರು. ಇಂದು ಗೆಜ್ಜಲಗೆರೆಯ ಹಾಲು ಒಕ್ಕೂಟ, ತೂಬಿನಕೆರೆ ಕೈಗಾರಿಕಾ ಪ್ರದೇಶ, ಗಾರ್ಮೆಂಟ್ಸ್ ಘಟಕಗಳು, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು, ಸರ್ಕಾರಿ ಕಚೇರಿಗಳು ಇವೆ. ಆದರೆ ಲೆಕ್ಕಪತ್ರದಲ್ಲಿ ಅನುಭವವಿರುವ ನನ್ನಂಥವಳಿಗಾಗಲಿ, ಯಂತ್ರ ಬಲ್ಲ ನಮ್ಮವರಿಗಾಗಲಿ ಇಲ್ಲಿ ಆಯ್ಕೆ ಕೈಬೆರಳೆಣಿಕೆಯಷ್ಟು.

ಮೈಸೂರಿನಲ್ಲಿಯೂ ದೊಡ್ಡ ಕಾರ್ಖಾನೆಗಳು ಮುಚ್ಚಿವೆ. ಯಾದವಗಿರಿಯ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿದ್ದನ್ನು ಅಲ್ಲಿನ ಹಿರಿಯರು ಇಂದಿಗೂ ನೊಂದು ಹೇಳುತ್ತಾರೆ. ಆದರೆ ಆ ಊರಿನಲ್ಲಿ ಒಂದು ಬಾಗಿಲು ಮುಚ್ಚಿದರೆ ತಟ್ಟಬಹುದಾದ ಬೇರೆ ಬಾಗಿಲುಗಳು ಹಲವಿವೆ: ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಬೆಳವಾಡಿ, ಕೂರ್ಗಳ್ಳಿಗಳ ಕಾರ್ಖಾನೆಗಳು, ಕಡಕೊಳ ಮತ್ತು ನಂಜನಗೂಡಿನ ತಾಂಡ್ಯದ ಕೈಗಾರಿಕಾ ಪ್ರದೇಶಗಳು, ಇನ್ಫೋಸಿಸ್ ಮತ್ತಿತರ ಐಟಿ ಸಂಸ್ಥೆಗಳು, 1916ರಿಂದ ನಡೆಯುತ್ತಿರುವ ವಿಶ್ವವಿದ್ಯಾನಿಲಯ, ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, ಭಾರತೀಯ ಭಾಷಾ ಸಂಸ್ಥಾನ, ವಾಕ್ ಶ್ರವಣ ಸಂಸ್ಥೆ, ಆಸ್ಪತ್ರೆಗಳು, ಶಾಲೆಗಳು. ಇಬ್ಬರೂ ದುಡಿಯುವ ಮನೆಗೆ ಈ ವೈವಿಧ್ಯವೇ ವಿಮೆ. ಒಬ್ಬರ ಒಳ್ಳೆಯ ಕೆಲಸಕ್ಕಾಗಿ ಊರು ಬದಲಾಯಿಸಿದ ಮನೆಗಳಲ್ಲಿ ಇನ್ನೊಬ್ಬರು, ಬಹುಮಟ್ಟಿಗೆ ಹೆಂಡತಿ, ಸಿಕ್ಕಿದ ಕೆಲಸಕ್ಕೆ ಒಗ್ಗಿಕೊಂಡು ಅಥವಾ ಕೆಲಸವನ್ನೇ ಬಿಟ್ಟು ಕೂರುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಬಾರದು ಎಂಬುದನ್ನು ನಾವು ಮೊದಲೇ ಮಾತಾಡಿಕೊಂಡೆವು. ಸಂಬಳ ಯಾರದ್ದು ಹೆಚ್ಚೋ ಅವರ ಓಡಾಟ ಕಡಿಮೆಯಾಗಲಿ ಎನ್ನುವ ಕ್ರಮ ಮೇಲ್ನೋಟಕ್ಕೆ ನ್ಯಾಯವೆನಿಸುತ್ತದೆ. ಮನೆಗೆ ಬಂದ ಮೇಲೆ ಒಲೆ, ಮಗು, ಹಿರಿಯರ ಔಷಧಿ ಇವುಗಳ ಹೊಣೆ ಯಾರದ್ದು ಎಂದು ಕೇಳಿಕೊಂಡ ಕೂಡಲೇ ಆ ನ್ಯಾಯ ಉಳಿಯುವುದಿಲ್ಲ.

ನಮ್ಮವರಿಗೆ ಮಂಡ್ಯದಿಂದ ಬಿಡದಿಗೆ ಕಂಪನಿ ಬಸ್ಸಿದೆ. ದೂರ ಹೆಚ್ಚಾದರೂ ಬಸ್ಸು ಬರುವ ವೇಳೆ, ಸೀಟು ಎರಡೂ ಖಚಿತ. ನಿದ್ದೆಯನ್ನೂ ಅಲ್ಲಿಯೇ ಮಾಡುತ್ತಾರೆ. ನನಗೆ ಮೈಸೂರಿನವರೆಗೆ ಸುಮಾರು 45 ಕಿ.ಮೀ. ರೈಲು ಅಥವಾ ಬಸ್ಸು, ಅಲ್ಲಿಂದ ಹೆಬ್ಬಾಳಕ್ಕೆ ಇನ್ನೊಂದು ಬಸ್ಸು. ದೂರದಲ್ಲಿ ನನ್ನದು ಕಡಿಮೆ, ಅನಿಶ್ಚಯದಲ್ಲಿ ನನ್ನದೇ ಹೆಚ್ಚು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಾದ ನಮಗೆ ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ. ಬಸ್ಸು ತುಂಬಿರುತ್ತದೆ ಎಂದು ಗೊಣಗುವವರಿದ್ದಾರೆ. ನನ್ನ ಜೊತೆ ಪ್ರಯಾಣಿಸುವ ಹೆಣ್ಣುಮಕ್ಕಳಲ್ಲಿ ಕೆಲವರು ಮೊದಲು ಹಳ್ಳಿಯ ಹತ್ತಿರದಲ್ಲೇ ಕಡಿಮೆ ಕೂಲಿಗೆ ದುಡಿಯುತ್ತಿದ್ದವರು, ಬಸ್ ಚಾರ್ಜಿನ ಭಾರ ತಪ್ಪಿದ ಮೇಲೆ ಮೈಸೂರಿನ ಕೆಲಸಕ್ಕೆ ಬರುತ್ತಿದ್ದಾರೆ. ಅವರ ಪಾಲಿಗೆ ಕೆಲಸ ಹುಡುಕಬಹುದಾದ ಪ್ರದೇಶವೇ ದೊಡ್ಡದಾಯಿತು. ಇದನ್ನು ನಾನು ಬಹಳ ದೊಡ್ಡ ಸಂಗತಿಯೆಂದು ಎಣಿಸುತ್ತೇನೆ.

ಇನ್ನು ‘ಒಳ್ಳೆಯ ಏರಿಯಾ’ ಎಂಬ ಮಾತು. ಮೈಸೂರಿನ ಹಳೆಯ ಬಡಾವಣೆಗಳ ಸೊಗಸನ್ನು ಯಾರೂ ಅಲ್ಲಗಳೆಯಲಾರರು. ಪ್ಲೇಗಿನ ನಂತರದ ದಿನಗಳಲ್ಲಿ, 1903ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಗಾಳಿ ಬೆಳಕಿಗೆ, ಚರಂಡಿಗೆ, ಅಗಲ ರಸ್ತೆಗೆ ಗಮನ ಕೊಟ್ಟು ಊರನ್ನು ಬೆಳೆಸಿತು. ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ, ಸರಸ್ವತಿಪುರಂ, ಕುಕ್ಕರಹಳ್ಳಿ ಕೆರೆಯ ಆಸುಪಾಸು, ಇಲ್ಲೆಲ್ಲ ಮನೆ ಮಾಡಲು ಯಾರಿಗೆ ತಾನೇ ಮನಸ್ಸಾಗುವುದಿಲ್ಲ? ಯೋಗ ಕಲಿಯಲು ಬರುವ ವಿದೇಶೀಯರಿಂದಾಗಿ ಗೋಕುಲಂನ ಬಾಡಿಗೆಯ ದಾರಿಯೇ ಬೇರೆಯಾಗಿದೆ. ನಮ್ಮ ಕೈಗೆಟುಕುವ ಮೈಸೂರು ಈ ಮೈಸೂರಲ್ಲ. ನಮ್ಮ ದುಡ್ಡಿಗೆ ಸಿಗುವುದು ರಿಂಗ್ ರಸ್ತೆಯಾಚೆಯ ಖಾಸಗಿ ಲೇಔಟುಗಳಲ್ಲಿ. 2020ರಲ್ಲಿ ಹೂಟಗಳ್ಳಿ ನಗರಸಭೆಯಾಗಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳು ಪಟ್ಟಣ ಪಂಚಾಯಿತಿಗಳಾಗಿ ರೂಪುಗೊಂಡವು. ಮೈಸೂರಿನ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಮನೆಗಳು ಪಾಲಿಕೆಯ ಹಳೆಯ ಗಡಿಯಾಚೆಯ ಇಂಥ ಕಡೆಗಳಲ್ಲಿವೆ. ಅಲ್ಲಿ ಕೇಳಬೇಕಾದದ್ದು ಉದ್ಯಾನವಿದೆಯೇ ಎಂದಲ್ಲ. ನಲ್ಲಿಯಲ್ಲಿ ಬರುವುದು ಕಾವೇರಿಯೋ ಕಬಿನಿಯೋ ಬೋರ್‌ವೆಲ್ಲೋ, ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟು ಖರ್ಚು, ಒಳಚರಂಡಿ ಎಲ್ಲಿಗೆ ಸೇರುತ್ತದೆ, ಖಾತೆ ಯಾವ ಬಗೆಯದು, ಸಂಜೆ ಏಳರ ನಂತರ ನಗರ ಬಸ್ಸು ಬರುತ್ತದೆಯೇ ಎಂಬುದನ್ನು ಕೇಳಬೇಕು. ದಲ್ಲಾಳಿಯನ್ನಲ್ಲ, ಆ ಬೀದಿಯ ಕೊನೆಯ ಮನೆಯ ಹೆಂಗಸರನ್ನು ಕೇಳಬೇಕು.

ಒಳ್ಳೆಯ ಏರಿಯಾ ಯಾರಿಗೆ ಒಳ್ಳೆಯದು ಎಂಬ ಪ್ರಶ್ನೆಯೂ ಇದೆ. ಮೈಸೂರಿನಲ್ಲಿ ಮನೆ ನೋಡಲು ಹೋದ ಕೆಲವು ಕಡೆ ಗೇಟಿನಲ್ಲೇ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಕಂಡಿತು. ಭಾನುವಾರ ಬಾಡಿನ ಸಾರು, ಮುದ್ದೆ ಇಲ್ಲದಿದ್ದರೆ ನಮ್ಮ ಅತ್ತೆಯವರಿಗೆ ಅದು ಭಾನುವಾರವೇ ಅಲ್ಲ. ನಮ್ಮ ಅಡುಗೆಮನೆಯಲ್ಲಿ ಏನು ಬೇಯಿಸುತ್ತೇವೆಂದು ಮುಚ್ಚಿಟ್ಟುಕೊಂಡು ಬಾಳಬೇಕಾದ ಬೀದಿ ಎಷ್ಟೇ ನೆರಳಾಗಿದ್ದರೂ ನಮಗೆ ಒಳ್ಳೆಯದಲ್ಲ. ಅತ್ತೆಯವರು ಪಾಂಡವಪುರದ ಹತ್ತಿರದ ಹಳ್ಳಿಯವರು. ಮಂಡ್ಯದಲ್ಲಾದರೆ ತಿಂಗಳಲ್ಲಿ ಅರ್ಧದಷ್ಟು ದಿನಗಳು ನಮ್ಮ ಜೊತೆ, ಉಳಿದ ದಿನಗಳು ಊರಿನಲ್ಲಿ ಇರುತ್ತಾರೆ. ‘ಮೈಸೂರಿಗೆ ನೀವು ಹೋಗ್ರವ್ವ, ನಾನು ಹಬ್ಬಕ್ಕೆ ಬತ್ತೀನಿ’ ಎಂದು ಅವರು ಹೇಳಿದ ದಿನ, ಮಗಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ ಎಂಬ ವಿಷಯ ನಮ್ಮ ಲೆಕ್ಕದ ಮೊದಲ ಸಾಲಿಗೆ ಬಂತು.

ಕೇಂದ್ರ ಸರ್ಕಾರಿ ನೌಕರರಿಗೆ ಒಂದು ಮಾತು. ಕೇಂದ್ರದ ನಿಯಮದಲ್ಲಿ ಮೈಸೂರು ‘ವೈ’ ವರ್ಗದ ನಗರ, ಮಂಡ್ಯ ‘ಝಡ್’ ವರ್ಗ. ಮನೆ ಬಾಡಿಗೆ ಭತ್ಯೆ ಈಗ ಕ್ರಮವಾಗಿ ಮೂಲ ವೇತನದ ಶೇ 20 ಮತ್ತು ಶೇ 10. ಭತ್ಯೆ ನಿಗದಿಯಾಗುವುದು ಕೆಲಸದ ಊರಿನಿಂದ, ವಾಸದ ಊರಿನಿಂದಲ್ಲ. ಮೈಸೂರಿನಲ್ಲಿ ಹುದ್ದೆಯಿದ್ದು ಮಂಡ್ಯದಲ್ಲಿ ವಾಸಿಸುವವರಿಗೆ ಈ ವ್ಯತ್ಯಾಸ ಲಾಭದಾಯಕ, ಎದುರು ದಿಕ್ಕಿನವರಿಗೆ ನಷ್ಟ. ಖಾಸಗಿ ನೌಕರರಾದ ನಮಗೆ ಅದು ಅನ್ವಯಿಸಲಿಲ್ಲ.

ಇಷ್ಟನ್ನೂ ಮುಂದಿಟ್ಟುಕೊಂಡು ನಾವು ಮಂಡ್ಯದಲ್ಲಿಯೇ ಇರಲು ನಿರ್ಧರಿಸಿದ್ದೇವೆ, ಆದರೆ ಇಲ್ಲಿ ಸದ್ಯಕ್ಕೆ ಮನೆ ಕೊಳ್ಳದಿರಲೂ ನಿರ್ಧರಿಸಿದ್ದೇವೆ. ಸ್ವಂತ ಮನೆ ಎಂಬ ಆಸೆ ನನಗೂ ಇದೆ. ಆದರೆ ಇಬ್ಬರ ಕೆಲಸದಲ್ಲಿ ಒಂದು ಬದಲಾದರೂ ‘ನಡುವಿನ ಊರು’ ಎಂಬ ಮಂಡ್ಯದ ಅನುಕೂಲ ಇಲ್ಲವಾಗುತ್ತದೆ. ಸಾಲ ಕಟ್ಟುತ್ತಿರುವ ಮನೆಯನ್ನು ಬಿಟ್ಟು ಹೋಗುವುದು ಬಾಡಿಗೆ ಮನೆ ಬಿಟ್ಟಷ್ಟು ಸುಲಭವಲ್ಲ. ಈಗಿರುವ ಮನೆಯಿಂದ ಸ್ಟೇಷನ್ನಿಗೆ ಇನ್ನಷ್ಟು ಹತ್ತಿರವಿರುವ, ಅತ್ತೆಯವರು ಹತ್ತಬೇಕಾದ ಮೆಟ್ಟಿಲುಗಳಿಲ್ಲದ, ನೆಲಮಹಡಿಯ ಬಾಡಿಗೆ ಮನೆಯೊಂದನ್ನು ವಿದ್ಯಾನಗರ, ಅಶೋಕನಗರಗಳ ಕಡೆ ಹುಡುಕುತ್ತಿದ್ದೇವೆ. ಮಗಳನ್ನು ಇಲ್ಲಿಯ ಶಾಲೆಗೇ ಸೇರಿಸುತ್ತೇವೆ. ನಮ್ಮವರು ಮೈಸೂರಿನ ಕಾರ್ಖಾನೆಗಳಿಗೂ ಅರ್ಜಿ ಹಾಕುತ್ತಿದ್ದಾರೆ. ಸಂಬಳದಲ್ಲಿ ದೊಡ್ಡ ನಷ್ಟವಿಲ್ಲದೆ ಅಲ್ಲಿ ಕೆಲಸ ಸಿಕ್ಕಿದರೆ, ಆಗ ಇಬ್ಬರ ಕೆಲಸವೂ ಒಂದೇ ಊರಿನಲ್ಲಿರುವುದರಿಂದ, ಹೂಟಗಳ್ಳಿ ಅಥವಾ ಹೆಬ್ಬಾಳದ ಆಸುಪಾಸಿನಲ್ಲಿ ಮೊದಲು ಒಂದು ವರ್ಷ ಬಾಡಿಗೆಗಿದ್ದು, ಬೇಸಿಗೆಯ ನೀರನ್ನೂ ಮಳೆಗಾಲದ ಚರಂಡಿಯನ್ನೂ ನೋಡಿ, ಆಮೇಲೆ ಕೊಳ್ಳುವ ಮಾತನ್ನು ಎತ್ತಬೇಕೆಂದು ಒಪ್ಪಿಕೊಂಡಿದ್ದೇವೆ.